ನೆಲ ಮುಟ್ಟದ ಕಂಚಿನ ಕಾಲು

ಒಂದು ಸಾಯಂಕಾಲ ದೊರೆ ಮಾಡಿದ ಶಿಲ್ಪವನ್ನು ನೋಡುತ್ತ ನಿಂತ ಸೂರ್ಯ ಮುಳುಗುವುದನ್ನೇ ಮರೆತುಬಿಟ್ಟ. ಆಕಾಶದಂಚಿನಲ್ಲಿ ಬಾಯಿ ತೆರೆದುಕೊಂಡು ಹಾಗೇ ನಿಂತಿದ್ದ. ಬೀದಿ ದೀಪಗಳು ಹೊತ್ತಿಕೊಳ್ಳಬೇಕೋ ಬೇಡವೋ ಎಂದು ಒದ್ದಾಡಿದವು. ಕೋಳಿಗಳು ಗೂಡಿನ ಬಾಗಿಲಲ್ಲಿ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ಒಂದರ ಮುಖ ಒಂದು ನೋಡಿಕೊಂಡವು. ಭೂಮಿಯ ಆಚೆ ಮಗ್ಗುಲಲ್ಲಿ ಬೆಳಗಾಗುವುದು ತಡವಾಗಿ ಲಕ್ಷಾಂತರ ಜನ ಕೆಲಸಕ್ಕೆ ಲೇಟಾಗಿ ಹೋಗಿ ಬೈಸಿಕೊಂಡರು. ಇದನ್ನೆಲ್ಲ ಕಣ್ಣಾರೆ ಕಂಡವನು ಒಬ್ಬನೇ, ದೊರೆ. ಅವನು ಸುಳ್ಳು ಹೇಳುವ ಪೈಕಿಯಲ್ಲ. ಬಲೂನು ಮಾರುವವನು ಬಲೂನನ್ನು ಹೇಗೆ ಊದಿಯೇ ಕೊಡುತ್ತಾನೋ ಹಾಗೆ ನಿಜವನ್ನು ಊದಿ ಕೊಡುತ್ತಾನೆ, ಅಷ್ಟೆ.

ದೊರೆ ಎಂದರೆ ಅವನಿಗೆ ರಾಜ್ಯಗೀಜ್ಯ ಇತ್ತೆಂದು ತಿಳಿಯಬೇಡಿ. ಎರಕದ ಶೆಡ್ಡಿನವರು ಇಟ್ಟ ಹೆಸರು ಅದು. ಬೆಳಗ್ಗೆ ಎಲ್ಲರೂ ಬೆವರು ಹರಿಸಿಯಾದ ಮೇಲೆ ಬರುವುದು, ಬಂದವನೇ ನಟ್ಟನಡುವಿನ ಸ್ಟೂಲಿನ ಮೇಲೆ ಕೂತು ಕಾಲ ಮೇಲೆ ಕಾಲು ಹಾಕುವುದು, ಯಾರ ಮುಖವನ್ನೂ ನೋಡದೆ ಗಾಳಿಯನ್ನು ‘ಟೀ ಬಂತಾ?’ ಎಂದು ಕೇಳುವುದು. ಇಷ್ಟೆಲ್ಲ ಮಾಡುವವನನ್ನು ದೊರೆ ಎನ್ನದೆ ಇನ್ನೇನು ಅನ್ನುತ್ತಾರೆ?

ಅವನು ಮಾಡುವ ಶಿಲ್ಪಗಳಿಗೆ ಮೂಗಿಲ್ಲ, ಕಣ್ಣಿಲ್ಲ, ಕೈ ಯಾವುದು ಕುತ್ತಿಗೆ ಯಾವುದು ಎಂದು ಹೇಳಲಾಗುವುದಿಲ್ಲ. ಒಂದು ಉಬ್ಬು, ಒಂದು ಬಾಗು, ಮಧ್ಯೆ ಒಂದು ತೂತು. ಇದೇನು ಅಂತ ಯಾರಾದರೂ ಕೇಳಿದರೆ ದೊರೆಗೆ ಹಬ್ಬ. ಕೇಳಿದವರು ಯಾರೆಂದು ನೋಡಿಕೊಂಡು ಉತ್ತರ ಹೇಳುತ್ತಾನೆ. ನಲ್ಲಿ ರಿಪೇರಿಯವನಿಗೆ ಅದು ನೀರಿನ ಹಟ. ಮೂರು ಮಕ್ಕಳ ತಾಯಿಗೆ ಅದು ನಿದ್ದೆ. ಬ್ಯಾಂಕಿನ ಮ್ಯಾನೇಜರಿಗೆ ಅದು ನಂಬಿಕೆ. ಮೂವರೂ ನೋಡಿದ್ದು ಒಂದೇ ಶಿಲ್ಪವನ್ನು; ಮೂವರೂ ತಲೆಯಾಡಿಸಿ, ನಮ್ಮ ಮನಸ್ಸಿನಲ್ಲಿದ್ದದ್ದನ್ನೇ ಹೇಳಿದಿರಿ ಎಂದು ಹೊರಟುಹೋದರು. ಒಬ್ಬ ನಿವೃತ್ತ ಮೇಷ್ಟರು ಮಾತ್ರ ಶಿಲ್ಪವನ್ನು ತಲೆಕೆಳಗಾಗಿ ನಿಲ್ಲಿಸಿದ್ದೀರಿ ಎಂದು ಕಂಡುಹಿಡಿದುಬಿಟ್ಟರು. ಅದು ನಿಜವೂ ಆಗಿತ್ತು. ದೊರೆ ಕಣ್ಣು ಮಿಟುಕಿಸಲಿಲ್ಲ. ಇದನ್ನು ಕಂಡುಹಿಡಿಯುವ ಮೊದಲನೆಯ ಮನುಷ್ಯನಿಗಾಗಿ ವರ್ಷಗಟ್ಟಲೆ ಕಾಯುತ್ತಿದ್ದೆ ಎಂದು ಅವರ ಕೈ ಕುಲುಕಿದ. ಮೇಷ್ಟರು ಅವತ್ತಿನಿಂದ ನೆಟ್ಟಗೆ ನಡೆಯುವುದನ್ನೇ ಬಿಟ್ಟು ಗಾಳಿಯಲ್ಲಿ ತೇಲುತ್ತಿದ್ದಾರೆ.

ಶೆಡ್ಡು ಅವನ ಅಕ್ಕನದು. ಊರೆಲ್ಲ ಅವಳನ್ನು ಕರೆಯುವುದೇ ಅಕ್ಕ ಎಂದು. ಮೂಸೆಯ ಮುಂದೆ ನಿಂತು ಕಂಚು ಕರಗಿಸುವ ಮೂಸೆಮಾಮ ಅವಳಿಗಿಂತ ಎಷ್ಟೋ ದೊಡ್ಡವನು, ಅವನಿಗೂ ಅವಳು ಅಕ್ಕನೇ. ಬಾಗಿಲ ಹಿಡಿ, ಪಂಪಿನ ಬಿಡಿಭಾಗ, ಶಾಲೆಯ ಗಂಟೆ ಅಂತ ಬಂದದ್ದನ್ನೆಲ್ಲ ಎರಕ ಹೊಯ್ದು ಕೊಟ್ಟು ಆ ಶೆಡ್ಡನ್ನು ನಿಲ್ಲಿಸಿದವಳು. ಎತ್ತರ ಕಮ್ಮಿ, ಮಾತು ಕಮ್ಮಿ, ಆಡಿದ ಒಂದು ಮಾತಿಗೆ ಕುಲುಮೆಯ ಬೆಂಕಿ ಕೂಡ ತಗ್ಗಿ ನಿಲ್ಲುತ್ತದೆ. ದೊರೆಯ ಬಡಾಯಿ ಆಕಾಶಕ್ಕೆ ಏರುತ್ತಿರುವಾಗ ಅವಳು ಕೆಳಗಿನಿಂದ ದಾರ ಹಿಡಿದು ಎಳೆಯುವುದೂ ಒಂದೇ ಮಾತಿನಲ್ಲಿ: ‘ಸಾಕು, ಇಳಿಯೋ.’

ಅವರಿಬ್ಬರ ಕೆಲಸದ ಹಂಚಿಕೆ ಹೀಗೆ. ದೊರೆ ಮೇಣದಲ್ಲಿ ರೂಪ ಮಾಡುತ್ತಾನೆ. ಅದರ ಮೈಗೆ ಅಕ್ಕ ಮೇಣದ ಕಡ್ಡಿಗಳನ್ನು ಅಂಟಿಸುತ್ತಾಳೆ. ಕೆಲವು, ಕರಗಿದ ಕಂಚು ಒಳಗೆ ಹರಿದು ಬರಲು. ಕೆಲವು, ಒಳಗಿನ ಗಾಳಿ ಹೊರಗೆ ಹೋಗಲು. ಇವಕ್ಕೆ ಗಾಳಿಕಡ್ಡಿ ಎಂದು ಹೆಸರು. ಮೇಲೆ ಗಾರೆಯಂಥ ಅಚ್ಚು ಮೆತ್ತಿ, ಒಣಗಿಸಿ, ಬೆಂಕಿಗಿಟ್ಟರೆ ಮೇಣ ಕರಗಿ ಹರಿದುಹೋಗುತ್ತದೆ. ಮೇಣವಿದ್ದಲ್ಲಿ ಉಳಿದ ಖಾಲಿಗೆ ಕಂಚು ಹೊಯ್ಯುವುದು. ತಣ್ಣಗಾದ ಮೇಲೆ ಅಚ್ಚು ಒಡೆದರೆ ಶಿಲ್ಪವೂ ಕಂಚು, ಕಡ್ಡಿಗಳೂ ಕಂಚು. ಕಡ್ಡಿಗಳನ್ನು ಕತ್ತರಿಸಿ ಎಸೆದರೆ ಉಳಿದದ್ದು ಶಿಲ್ಪ.

ಕುದುರೆ ಮಾಡುವವರಿಗೆ ಇದರಲ್ಲಿ ಏನೂ ತೊಡಕಿಲ್ಲ. ಐದನೇ ಕಾಲು ಕಂಡರೆ ಎಂಥ ದಡ್ಡನೂ ಕತ್ತರಿಸುತ್ತಾನೆ. ಆದರೆ ದೊರೆಯ ಶಿಲ್ಪಕ್ಕೆ ಕಾಲೆಷ್ಟು ಕೊಂಬೆಷ್ಟು ಎಂದು ಹೇಳುವವರು ಯಾರು? ಬೆಂಕಿಯಿಂದ ಕಪ್ಪಾಗಿ ಹೊರಬಂದಾಗ ಎಲ್ಲವೂ ಒಂದೇ ಬಣ್ಣ, ಎಲ್ಲವೂ ಒಂದೇ ಲೋಹ. ಅದಕ್ಕೇ ಅಕ್ಕ ಒಂದು ಪದ್ಧತಿ ಇಟ್ಟಿದ್ದಳು. ಅಚ್ಚು ಮೆತ್ತುವ ಮುಂಚೆ ಒಮ್ಮೆ, ಕತ್ತರಿಸುವ ಮುಂಚೆ ಇನ್ನೊಮ್ಮೆ, ಇಬ್ಬರೂ ಶಿಲ್ಪದ ಸುತ್ತ ಬರಬೇಕು. ಒಂದೊಂದನ್ನೇ ಮುಟ್ಟಿ ಅವನು ‘ಇದು ನಂದು’ ಎನ್ನಬೇಕು, ಅವಳು ‘ಇದು ನಂದು’ ಎನ್ನಬೇಕು. ಇಬ್ಬರ ಬಾಯಿಂದಲೂ ಹೆಸರು ಬೀಳದೆ ಕಂಚು ಕತ್ತರಿಸುವ ಗ್ರೈಂಡರಿನ ಪ್ಲಗ್ಗು ಗೋಡೆಗೆ ಹೋಗುವ ಹಾಗಿಲ್ಲ. ಚಿಕ್ಕಂದಿನಲ್ಲಿ ಪೆನ್ಸಿಲ್ಲು ಹಂಚಿಕೊಂಡ ಹಾಗೆ ಆ ಮುದಿಪ್ರಾಯದವರು ಹಂಚಿಕೊಳ್ಳುವುದನ್ನು ನೋಡಲು ಜನ ಟಿಕೆಟ್ಟು ಕೊಂಡು ಬರುತ್ತಿದ್ದರು ಎಂದು ದೊರೆ ಹೇಳುತ್ತಾನೆ. ಟಿಕೆಟ್ಟಿಲ್ಲದೆ ನೋಡುತ್ತಿದ್ದವನು ಮೂಸೆಮಾಮ ಒಬ್ಬ.

ಇಂಥಾ ಶೆಡ್ಡಿಗೆ ಹೊಸ ರೈಲು ನಿಲ್ದಾಣದ ಕೆಲಸ ಬಂತು. ನಿಲ್ದಾಣ ಕಟ್ಟಿಸುತ್ತಿದ್ದ ಎಂಜಿನಿಯರಮ್ಮ ದೊರೆಯ ಶಿಲ್ಪವೊಂದನ್ನು ಎಲ್ಲೋ ನೋಡಿದ್ದಳಂತೆ, ಅಂಥದೊಂದು ದೊಡ್ಡದು ಹಜಾರದ ನಡುವೆ ಬೇಕೆಂದಳು. ಜೊತೆಗೆ ಇನ್ನೊಂದು ಮಾತು. ಆ ದಾರಿಯ ಉಳಿದ ನಿಲ್ದಾಣಗಳಿಗೂ ಬೇರೆ ಬೇರೆ ಶಿಲ್ಪಿಗಳಿಂದ ಕಂಚಿನ ಕೆಲಸ ಮಾಡಿಸುವುದಿದೆ, ಇದರ ಎರಕ ಪರೀಕ್ಷೆಯಲ್ಲಿ ಗಟ್ಟಿ ಎನಿಸಿಕೊಂಡರೆ ಅಷ್ಟೂ ಎರಕ ಇದೇ ಶೆಡ್ಡಿಗೆ.  ಅವತ್ತು ಸಾಯಂಕಾಲ ಅಕ್ಕ ಶೆಡ್ಡಿನ ಹಿಂದಿನ ಖಾಲಿ ಜಾಗದಲ್ಲಿ ಹೆಜ್ಜೆ ಹಾಕುತ್ತ, ಇಲ್ಲೊಂದು ದೊಡ್ಡ ಕುಲುಮೆ, ಇಲ್ಲೊಂದು ಕ್ರೇನು ಎಂದು ಕಾಲಿನಿಂದ ಮಣ್ಣಲ್ಲಿ ಗೀಟು ಎಳೆಯುವುದನ್ನು ದೊರೆ ಕಿಟಕಿಯಿಂದ ನೋಡಿದ. ಆಯುಷ್ಯವೆಲ್ಲ ಬಾಗಿಲ ಹಿಡಿ ಹೊಯ್ದ ಕೈ. ಅವಳಿಗೆ ಒಂದೇ ಒಂದು ಆಸೆ, ದೊಡ್ಡ ಕೆಲಸ ಹೊಯ್ಯುವವಳು ಎನಿಸಿಕೊಳ್ಳುವುದು. ಅದು ಅವನಿಗೆ ಗೊತ್ತಿತ್ತು. ಎಷ್ಟು ಗೊತ್ತಿತ್ತೆಂದರೆ ಆ ವಿಷಯವಾಗಿ ಅವನು ಒಂದು ಬಡಾಯಿಯನ್ನೂ ಕೊಚ್ಚಲಿಲ್ಲ.

ಶಿಲ್ಪಕ್ಕೆ ಅವನಿಟ್ಟ ಹೆಸರು ‘ಹೊರಡುವ ಹೊತ್ತು’. ಕೆಳಗೆ ತುಂಬಿದ ಚೀಲದ ಹಾಗೆ ಭಾರವಾದ ಹೊಟ್ಟೆ, ಮೇಲೆ ಭುಜದಂಥ ಒಂದು ತಿರುವು, ಭುಜದಿಂದ ಮೂರು ಬಾಗು. ಎರಡು ಮೇಲಕ್ಕೆ. ಮೂರನೆಯದು ಹೊಟ್ಟೆಯನ್ನು ಬಳಸಿಕೊಂಡು ಕೆಳಗಿಳಿದು ತುದಿಯನ್ನು ನೆಲಕ್ಕೆ ಊರುತ್ತದೆ. ಈ ಮೂರನೆಯದಕ್ಕೆ ಅವನು ಕಾಲು ಎನ್ನುತ್ತಿದ್ದ. ಆ ಕಾಲಿಗಾಗಿ ಅವನು ಪಟ್ಟ ಪಾಡು ಅಷ್ಟಿಷ್ಟಲ್ಲ. ಮೇಣವನ್ನು ಬಗ್ಗಿಸುವುದು, ಮುರಿಯುವುದು, ಬೈಯುವುದು, ಮತ್ತೆ ಬಗ್ಗಿಸುವುದು. ಕಡೆಗೊಂದು ದಿನ ಆಯಿತು ಎಂದ. ಆ ಬಾಗಿನ ಸುದ್ದಿ ಕೇಳಿ ಊರಾಚೆಯ ನದಿ ನಾಚಿಕೊಂಡು ತನ್ನ ತಿರುವನ್ನೇ ಸರಿಮಾಡಿಕೊಂಡಿತು. ನಕ್ಷೆ ಬರೆಯುವವರು ಇನ್ನೂ ಒದ್ದಾಡುತ್ತಿದ್ದಾರೆ.

ಇಂಥದ್ದನ್ನು ತಲೆಕೆಳಗು ಮಾಡಿ ಎರಕ ಹೊಯ್ಯುವುದು ಅಕ್ಕನ ರೂಢಿ, ಬುಡ ಮೇಲೆ, ತಲೆ ಕೆಳಗೆ. ಹಾಗಾಗಿ, ಗಾಳಿ ಮೇಲಕ್ಕೆ ಏರಿ ಹೋಗಲು, ಭುಜದಿಂದ ಹೊರಟ ಗಾಳಿಕಡ್ಡಿ ಬುಡದ ಕಡೆಗೇ ಹೋಗಬೇಕು. ಅಕ್ಕ ಅಂಗೈಗಳ ನಡುವೆ ಮೇಣ ಹೊಸೆದು, ದಪ್ಪನೆಯ ಒಂದು ಕಡ್ಡಿಯನ್ನು ದೊರೆಯ ಕಾಲಿನ ಪಕ್ಕದಲ್ಲೇ, ಅದು ಹೋದ ದಾರಿಯಲ್ಲೇ, ಎರಡು ಬೆರಳಷ್ಟು ಸಡಿಲ ಬಿಟ್ಟು ಬಗ್ಗಿಸಿಕೊಂಡು ಹೋದಳು. ಬಿಸಾಕುವ ಕಡ್ಡಿಗೆ ಇಷ್ಟೊಂದು ಶೃಂಗಾರ ಯಾಕಕ್ಕಾ ಎಂದು ಅವನು ರೇಗಿಸಿದ. ಬಿಸಿ ಕಂಚನ್ನು ಮೊಂಡು ಮೂಲೆಯಲ್ಲಿ ತಿರುಗಿಸಿದರೆ ಮುನಿಸಿಕೊಳ್ಳುತ್ತೆ, ಅದಕ್ಕೂ ಮರ್ಯಾದೆ ಕೊಡಬೇಕು ಎಂದಳು ಅಕ್ಕ. ಇಬ್ಬರೂ ಸುತ್ತ ಬಂದು ನಂದು ನಿಂದು ಎಂದು ಹೇಳಿಯಾಯಿತು. ಅಚ್ಚು ಮೆತ್ತಿಯಾಯಿತು. ಎರಕ ಹೊಯ್ದ ದಿನ ಮೂಸೆಮಾಮ ಕುಲುಮೆಗೆ ಎಂಥ ಬೆಂಕಿ ಹಾಕಿದನೆಂದರೆ ಪಕ್ಕದ ಬೀದಿಯವರು ತಿಂಗಳುಗಟ್ಟಲೆ ಸ್ನಾನಕ್ಕೆ ನೀರು ಕಾಯಿಸಲಿಲ್ಲ. ಕಂಚು ಒಂದು ಬಿಂದುವೂ ಚೆಲ್ಲದೆ ಒಳಗೆ ಇಳಿಯಿತು, ಗಾಳಿಕಡ್ಡಿಯ ಬಾಯಲ್ಲಿ ಕೆಂಪಗೆ ಮುಖ ತೋರಿಸಿತು. ಅಕ್ಕ ಮೊದಲ ಸಲ ನಕ್ಕಳು.

ಅಚ್ಚು ಒಡೆದ ಮರುದಿನವೇ ಅಕ್ಕನ ಮಗಳಿಗೆ ಹೆರಿಗೆ ನೋವು ಶುರುವಾಯಿತೆಂದು ಬೇರೆ ಊರಿನಿಂದ ಫೋನು ಬಂತು. ಅಕ್ಕ ಚೀಲಕ್ಕೆ ಬಟ್ಟೆ ತುರುಕುತ್ತಲೇ, ಶಿಲ್ಪವನ್ನು ಮರಳಿನ ಮೇಲೆ ಮಲಗಿಸಿರುವುದು ಮಲಗಿಸಿದ ಹಾಗೇ ಇರಲಿ, ನಾನು ಬರುವವರೆಗೆ ಗ್ರೈಂಡರು ಮುಟ್ಟಬೇಡ ಎಂದು ತಮ್ಮನಿಗೆ ಹೇಳಿದಳು. ಮುಟ್ಟುವುದಿಲ್ಲ ಎಂದು ಅವನು ತಲೆಯ ಮೇಲೆ ಕೈ ಇಟ್ಟುಕೊಂಡು ಹೇಳಿದ. ಹೇಳುವಾಗ ಅದು ನಿಜವೇ ಆಗಿತ್ತು.

ಮಧ್ಯಾಹ್ನ ಎಂಜಿನಿಯರಮ್ಮ ಬಂದಳು, ಹಿಂದೆಯೇ ಒಂದು ಲಾರಿ. ಆ ಕಡೆ ಹೋಗುತ್ತಿತ್ತಂತೆ, ಶಿಲ್ಪ ತಯಾರಿದ್ದರೆ ಹಾಕಿಕೊಂಡು ಹೋಗೋಣ, ಬಣ್ಣಗಿಣ್ಣ ಅಲ್ಲೇ ಏರಿಸಬಹುದು ಎಂದಳು. ಮರಳಿನ ಮೇಲೆ ಮೈತುಂಬ ಕಡ್ಡಿ ಚುಚ್ಚಿಕೊಂಡು ಮುಳ್ಳುಹಂದಿಯ ಹಾಗೆ ಬಿದ್ದಿದ್ದ ಕಪ್ಪು ಪ್ರಾಣಿಯನ್ನು ನೋಡಿ ಅವಳು ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. ಆಮೇಲೆ ತುಂಬ ಸಹಜವಾಗಿ ಒಂದು ಪ್ರಶ್ನೆ ಕೇಳಿದಳು. ಇದರಲ್ಲಿ ತೆಗೆಯೋದು ಯಾವುದು, ಬಿಡೋದು ಯಾವುದು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?

ಇಷ್ಟು ಸಾಕಾಯಿತು. ದೊರೆಯ ಎದೆ ಒಂದು ಗೇಣು ಮುಂದೆ ಬಂತು.

‘ಹೇಗೆ ಗೊತ್ತಾಗುತ್ತೆ ಅಂದ್ರೆ? ಕಣ್ಣು ಮುಚ್ಚಿಕೊಂಡು ಹೇಳ್ತೀನಿ.’

ಅಕ್ಕ ಬರಲಿ ಎಂದ ಮೂಸೆಮಾಮ. ದೊರೆ ಅವನ ಹೆಗಲ ಮೇಲಿನ ಟವಲನ್ನೇ ಎಳೆದು ತನ್ನ ಕಣ್ಣಿಗೆ ಕಟ್ಟಿಕೊಂಡ. ಮೂಸೆಮಾಮ ಇನ್ನೂ ಒಂದು ಸಲ, ಸ್ವಲ್ಪ ಜೋರಾಗಿ, ಅಕ್ಕ ಬರಲಿ ಎಂದ. ಹೆತ್ತವಳಿಗೆ ಮಗುವಿನ ಕೈಕಾಲು ಎಣಿಸಿಕೊಡೋಕೆ ಪಕ್ಕದ ಮನೆಯವರು ಬರಬೇಕಾ ಎಂದು ದೊರೆ ಅವನ ಬಾಯಿ ಮುಚ್ಚಿಸಿದ. ಕಣ್ಣು ಕಟ್ಟಿಕೊಂಡೇ ಮರಳಿನ ಮೇಲೆ ಮಂಡಿಯೂರಿ ಒಂದೊಂದನ್ನೇ ಸವರಿದ. ತೆಗೆಯಬೇಕಾದ್ದಕ್ಕೆ ಸೀಮೆಸುಣ್ಣದ ಗುರುತು ಹಾಕಿದ. ಎಂಜಿನಿಯರಮ್ಮ ಚಪ್ಪಾಳೆ ತಟ್ಟಿದಳು. ಭುಜದ ಹತ್ತಿರ ಅಕ್ಕಪಕ್ಕದಲ್ಲಿ ಎರಡು ಬಾಗು ಕೈಗೆ ಸಿಕ್ಕವು. ಒಂದು ಸ್ವಲ್ಪ ಬಿಗಿ, ತುದಿಯವರೆಗೂ ಹಲ್ಲು ಕಚ್ಚಿಕೊಂಡ ಹಾಗೆ. ಇನ್ನೊಂದು ಹಗುರ, ಯಾರೋ ಹಾಡು ಗುನುಗುತ್ತ ಬಿಟ್ಟ ಹಾಗೆ. ದೊರೆ ಹಗುರವಾದದ್ದನ್ನು ಎರಡು ಸಲ ಸವರಿ ಮನಸ್ಸಿನಲ್ಲೇ ಬೆನ್ನು ತಟ್ಟಿಕೊಂಡು, ಬಿಗಿಯಾದದ್ದಕ್ಕೆ ಗುರುತು ಹಾಕಿದ. ಟವಲು ಬಿಚ್ಚಿದ. ಗ್ರೈಂಡರು ಕಿರುಚಿತು, ಕಿಡಿ ಹಾರಿತು, ಗುರುತಿದ್ದದ್ದೆಲ್ಲ ಒಂದೊಂದಾಗಿ ಮರಳಿಗೆ ಉರುಳಿತು.

ಸರಪಳಿ ಹಾಕಿ ಶಿಲ್ಪವನ್ನು ಎತ್ತಿ ನಿಲ್ಲಿಸಿದರು. ಹೊಟ್ಟೆ ನೆಲಕ್ಕೆ ಕೂತಿತು. ಕಾಲಿನ ತುದಿ ಮಾತ್ರ ನೆಲಕ್ಕೆ ನಾಲ್ಕು ಬೆರಳು ಮೇಲೆ ನಿಂತುಬಿಟ್ಟಿತು.

ದೊರೆ ಬಗ್ಗಿ ನೋಡಿದ. ತನ್ನ ಕಾಲು ನೆಲ ಮುಟ್ಟುತ್ತಿತ್ತು. ಮುಟ್ಟದೆ ನಿಂತಿರುವುದು ತನ್ನದಲ್ಲ, ಅಚ್ಚು ಒಡೆಯುವಾಗ ತುದಿ ಮುರಿದ ಅಕ್ಕನ ಗಾಳಿಕಡ್ಡಿ. ತನ್ನದು ಅಗೋ, ಮರಳಿನ ಮೇಲೆ, ಕತ್ತರಿಸಿದ ಕಡ್ಡಿಗಳ ರಾಶಿಯಲ್ಲಿ ಕವುಚಿ ಬಿದ್ದಿದೆ. ಈಗ ಹೇಳಬೇಕು, ಈಗಲೇ ಹೇಳಬೇಕು ಎಂದು ಬಾಯಿ ತೆರೆದ. ಅಷ್ಟರಲ್ಲಿ ಎಂಜಿನಿಯರಮ್ಮ, ನಾನು ಮೇಣದಲ್ಲಿ ನೋಡಿ ಹೋದಾಗ ಇದು ನೆಲದ ಮೇಲಿತ್ತಲ್ಲವೇ, ಈಗ ಎತ್ತಿಬಿಟ್ಟಿರಲ್ಲ, ಮನಸ್ಸು ಆಗಲೇ ಒಂದು ಕಾಲು ತೆಗೆದು ಹೊರಟುಬಿಟ್ಟ ಹಾಗಿದೆ ಎಂದಳು. ಅವಳ ಕಣ್ಣಲ್ಲಿ ನೀರಿತ್ತು ಎಂದು ದೊರೆ ಹೇಳುತ್ತಾನೆ. ಗ್ರೈಂಡರಿನ ಪುಡಿ ಬಿದ್ದಿದ್ದರೂ ಬಿದ್ದಿರಬಹುದು.

‘ಹೂಂ,’ ಎಂದ ದೊರೆ. ‘ಕಡೇ ಗಳಿಗೇಲಿ ಹೊಳೀತು.’

ಲಾರಿ ಹೊರಟುಹೋಯಿತು. ಹೇಗಾದರೂ ಮಾಡಿ ನಾಳೆ ತನ್ನ ಕಾಲನ್ನು ತೆಗೆದುಕೊಂಡು ಹೋಗಿ ನಿಲ್ದಾಣದಲ್ಲೇ ಗುಟ್ಟಾಗಿ ಬೆಸೆದುಬಿಡೋಣ, ಅಕ್ಕನ ಕಡ್ಡಿಯನ್ನು ತೆಗೆದುಬಿಡೋಣ ಎಂದು ದೊರೆ ಸಮಾಧಾನ ಮಾಡಿಕೊಂಡ. ಮರುದಿನ ಶೆಡ್ಡಿಗೆ ಬಂದು ನೋಡಿದರೆ ರಾಶಿಯೇ ಇಲ್ಲ. ಕತ್ತರಿಸಿದ ಕಡ್ಡಿಗಳನ್ನು ಮತ್ತೆ ಮೂಸೆಗೆ ಹಾಕುವುದು ಶೆಡ್ಡಿನಲ್ಲಿ ಲಾಗಾಯ್ತಿನಿಂದ ನಡೆದುಬಂದದ್ದು. ಮೂಸೆಮಾಮ ಬೆಳಗ್ಗೆಯೇ ಅಷ್ಟನ್ನೂ ಕರಗಿಸಿ ಹಲ್ಲಿನ ಡಾಕ್ಟರ ಹೊಸ ಮನೆಗೆ ಬಾಗಿಲ ಹಿಡಿ ಹೊಯ್ದಿದ್ದ. ಈಗ ಆ ಮನೆಗೆ ಹೋಗುವವರೆಲ್ಲ ನದಿಯನ್ನು ನಾಚಿಸಿದ ಕಾಲನ್ನು ಹಿಡಿದು ತಿರುಗಿಸಿಯೇ ಒಳಗೆ ಹೋಗಬೇಕು.

ಬೇರೆ ದಾರಿ ಇರಲಿಲ್ಲ. ದೊರೆ ನಿಲ್ದಾಣಕ್ಕೆ ಹೋಗಿ ಭುಜದ ಮೇಲಿದ್ದ ಕತ್ತರಿಸಿದ ಗಾಯವನ್ನು ಅರದಿಂದ ತಿಕ್ಕಿ ನುಣ್ಣಗೆ ಮಾಡಿದ. ಆಸಿಡ್ಡು ಸವರಿ, ಬೆಂಕಿ ತೋರಿಸಿ, ಇಡೀ ಮೈಗೆ ಹಸಿರು ಮಿಶ್ರಿತ ಕಂದು ಬಣ್ಣ ಏರಿಸಿದ. ಗಾಳಿಕಡ್ಡಿಯ ತುದಿಯಲ್ಲಿ, ನೆಲದ ಕಡೆಗೆ ಮುಖ ಮಾಡಿದ್ದ ಕಡೆ, ಒಂದು ಹೊಂಡ ಇತ್ತು. ಗಾಳಿಕಡ್ಡಿಯಲ್ಲಿ ಹೊಂಡ ಇದ್ದೇ ಇರುತ್ತದೆ, ಬಿಸಾಕುವುದಕ್ಕೆ ಯಾರು ಲೆಕ್ಕ ಇಡುತ್ತಾರೆ? ಅದಕ್ಕೆ ಕಪ್ಪು ಮೇಣ ತುರುಕಿ ಬೆರಳಿನಿಂದ ನೀವಿದ. ಅಕ್ಕನಿಗೆ ಫೋನು ಮಾಡಿ, ಲಾರಿ ಬಂದುಬಿಟ್ಟಿತ್ತು, ಕತ್ತರಿಸಿ ಕಳಿಸಿದೆ, ಎಲ್ಲ ಹೂವಿನ ಹಾಗೆ ಆಯಿತು ಎಂದ. ಆ ಕಡೆಯಿಂದ ಅಕ್ಕ, ನಂದು ನಿಂದು ನೋಡಿಕೊಂಡೆಯಾ ಎಂದಳು. ನೋಡಿಕೊಂಡೆ ಎಂದ. ಸರಿ, ಮೊಮ್ಮಗಳು ಹುಟ್ಟಿದಾಳೆ, ನಿನ್ನ ಹಾಗೇ ಹುಟ್ಟಿದ ಗಳಿಗೆಯಿಂದ ಬಾಯಿ ಮುಚ್ಚಿಲ್ಲ ಎಂದು ಫೋನು ಇಟ್ಟಳು.

ಪರೀಕ್ಷೆಯ ದಿನ ಬಂತು. ನಿಲ್ದಾಣ ಇನ್ನೂ ತೆರೆದಿರಲಿಲ್ಲ. ಹೊಸ ಸುಣ್ಣದ, ಹೊಸ ಗಾಜಿನ ವಾಸನೆ. ಬೆಂಚುಗಳ ಮೇಲಿನ ಪ್ಲಾಸ್ಟಿಕ್ಕು ಕೂಡ ತೆಗೆದಿರಲಿಲ್ಲ. ಪರೀಕ್ಷಕರು ಕಡ್ಡಿಯಂಥ ಮನುಷ್ಯ, ಕಡ್ಡಿಯಂಥ ಬೆರಳುಗಳು, ಜೇಬಿನಲ್ಲಿ ಒಂದು ಪುಟ್ಟ ಸುತ್ತಿಗೆ. ಎಂಜಿನಿಯರಮ್ಮ ಅವರಿಗೆ ಶಿಲ್ಪದ ಆ ಕಾಲನ್ನೇ ಮೊದಲು ತೋರಿಸಿದಳು. ದಿನಾ ಬೆಳಗ್ಗೆ ಕೆಲಸ ಶುರು ಮಾಡುವ ಮುಂಚೆ ಅದರ ಮುಂದೆ ಒಂದು ನಿಮಿಷ ನಿಲ್ಲುತ್ತಾಳಂತೆ. ದೊರೆ ಆ ಕಾಲಿನ ಬಗ್ಗೆ ಭಾಷಣ ಶುರು ಮಾಡಿದ. ಆ ತುದಿ ನೆಲ ಬಿಡುವ ಗಳಿಗೆಯನ್ನು ಹಿಡಿಯಲು ತಾನು ಏಳು ಊರಿನ ಏಳು ನಿಲ್ದಾಣಗಳಲ್ಲಿ ಹೊರಡುವವರ ಹಿಮ್ಮಡಿಯನ್ನೇ ನೋಡುತ್ತ ಕೂತಿದ್ದೆನೆಂದೂ, ಒಂದು ಕಡೆ ಪೊಲೀಸರು ಚಪ್ಪಲಿ ಕಳ್ಳನೆಂದು ಹಿಡಿದುಕೊಂಡು ಹೋಗಿದ್ದರೆಂದೂ ಹೇಳುತ್ತಿದ್ದ. ಅಷ್ಟರಲ್ಲಿ ಚೀಲ ಹೊತ್ತು, ನಿದ್ದೆಗೆಟ್ಟ ಕಣ್ಣಿನ ಅಕ್ಕ ಹಜಾರದೊಳಗೆ ಬಂದಳು. ಮಗಳ ಊರಿನಿಂದ ಬಸ್ಸಿಳಿದು ನೇರ ಇಲ್ಲಿಗೇ ಬಂದಿದ್ದಳು.

ದೊರೆಯ ಭಾಷಣ ಎಂಟನೇ ಊರಿಗೆ ಹೋಗದೆ ಅಲ್ಲೇ ನಿಂತಿತು.

ಪರೀಕ್ಷಕರು ಸುತ್ತಿಗೆಯಿಂದ ತಟ್ಟುತ್ತ ಬಂದರು. ಹೊಟ್ಟೆ, ಭುಜ, ಮೇಲಿನ ಬಾಗುಗಳು, ಎಲ್ಲವೂ ಗಂಟೆಯ ಹಾಗೆ ಖಣ್ ಎಂದವು. ಕಾಲಿನ ತುದಿ ಮಾತ್ರ ಮಡಕೆಯ ಹಾಗೆ ಬೊದ್ ಎಂದಿತು. ಅವರು ನೆಲದ ಮೇಲೆ ಕೂತರು. ಉಗುರಿನಿಂದ ಕೆದಕಿದರು. ಕಪ್ಪು ಮೇಣ ಉದುರಿತು. ಕಿರುಬೆರಳು ಒಳಗೆ ಹಾಕಿದರು. ಅದು ಎರಡನೇ ಗೆಣ್ಣಿನವರೆಗೂ ಹೋಯಿತು.

‘ಟೊಳ್ಳು,’ ಎಂದರು.

ಆಮೇಲೆ ಬೇಸರದಿಂದಲೇ, ಆದರೆ ಸ್ಪಷ್ಟವಾಗಿ ಹೇಳಿದರು. ಶಿಲ್ಪ ಚೆನ್ನಾಗಿರಬಹುದು, ಅದು ತಮ್ಮ ಕೆಲಸವಲ್ಲ. ಎರಕದಲ್ಲಿ ಹೊಂಡ ಬಿದ್ದಿದೆ, ಮೇಲೆ ಅದನ್ನು ಮುಚ್ಚಿಟ್ಟಿದ್ದಾರೆ. ನಾಳೆ ಮಕ್ಕಳು ಇದಕ್ಕೆ ಜೋತುಬಿದ್ದರೆ ಯಾರು ಹೊಣೆ? ಇಂಥ ಎರಕದವರಿಗೆ ಉಳಿದ ನಿಲ್ದಾಣಗಳನ್ನು ಕೊಡಿ ಎಂದು ತಾವು ಹೇಗೆ ಬರೆಯುವುದು? ಎಂಜಿನಿಯರಮ್ಮ ತಲೆ ತಗ್ಗಿಸಿದಳು.

ಅಕ್ಕ ಚೀಲ ಕೆಳಗಿಟ್ಟಳು. ಶಿಲ್ಪದ ಹತ್ತಿರ ಹೋಗಿ ಆ ಕಾಲಿನ ಮೇಲೆ ಭುಜದಿಂದ ತುದಿಯವರೆಗೆ ನಿಧಾನವಾಗಿ ಕೈ ಎಳೆದಳು. ತಾನೇ ಹೊಸೆದದ್ದು ಕೈಗೆ ಗೊತ್ತಾಗದೆ ಇರುತ್ತದೆಯೇ? ಕೈ ತುದಿಗೆ ಬಂದು ನಿಂತಾಗ ಅವಳು ತಿರುಗಿ ತಮ್ಮನ ಮುಖ ನೋಡಿದಳು.  ಅವನ ಮಾನ ಅವಳ ಬಾಯಿಯ ತುದಿಯಲ್ಲಿತ್ತು. ಅದನ್ನು ನುಂಗಿಕೊಂಡು ಪರೀಕ್ಷಕರಿಗೆ ಹೇಳಿದಳು.

‘ಇದು ಹೊಯ್ದದ್ದು ನಾನೇ. ನೀವು ಬರೆಯೋದು ಬರೀರಿ.’

ದೊರೆ ಮುಂದೆ ಬಂದ. ಏನಾದರೂ ಹೇಳಬೇಕಿತ್ತು, ಅವನಿಗೆ ಬರುತ್ತಿದ್ದದ್ದು ಒಂದೇ ವಿದ್ಯೆ. ತಡೀರಿ ತಡೀರಿ, ಅದು ಎರಕದ ತಪ್ಪಲ್ಲ, ನಾನು ಬೇಕಂತಲೇ ಮಾಡಿದ್ದು ಎಂದ. ಹೊರಡುವವರ ಒಳಗೆ ಒಂದು ಖಾಲಿ ಇರುತ್ತಲ್ಲ, ಆ ಖಾಲಿ ಅದು. ಮೇಣದಲ್ಲಿದ್ದಾಗಲೇ ಈ ಕಿರುಬೆರಳಿನಿಂದ ಮಾಡಿದ್ದು.

‘ಮೇಣ ತುರುಕಿ ಮುಚ್ಚಿದ್ದೂ ಬೇಕಂತಲೇನಾ?’ ಎಂದರು ಪರೀಕ್ಷಕರು.

ಖಾಲಿಯನ್ನು ಜನ ಮುಚ್ಚಿಟ್ಟುಕೊಳ್ಳುತ್ತಾರಲ್ಲ, ಅದು ಆ ಮುಚ್ಚಳ ಎಂದ ದೊರೆ. ಎಂಜಿನಿಯರಮ್ಮನ ಮುಖದಲ್ಲಿ ಆಸೆ ಮಿನುಗಿತು. ಪರೀಕ್ಷಕರು ಎದ್ದು ಮಂಡಿಯ ಧೂಳು ಒರೆಸಿಕೊಂಡು ಜಾಗ ಬಿಟ್ಟರು.

‘ಹಾಗಾದ್ರೆ ಹಾಕಿ ನೋಡೋಣ, ಆ ಬೆರಳು.’

ದೊರೆ ನೆಲದ ಮೇಲೆ ಕೂತ. ಅವನ ಬೆರಳುಗಳು ಬಾಳೆಕಾಯಿಯ ಜಾತಿಯವು. ಕಿರುಬೆರಳು ಹೊಂಡದ ಬಾಯಲ್ಲೇ ಸಿಕ್ಕಿಕೊಂಡಿತು. ಎಡಗೈಯದಿರಬೇಕು ಎಂದ. ಅದೂ ಹೋಗಲಿಲ್ಲ. ಹೊಂಡದ ಒರಟು ಅಂಚು ಚುಚ್ಚಿ ರಕ್ತ ಬಂತು. ಅವತ್ತು ಚಳಿಯಿತ್ತು, ಚಳಿಗೆ ಬೆರಳು ಸಣ್ಣಗಾಗಿತ್ತು ಎಂದು ಹೇಳಲು ಹೊರಟು ತಲೆ ಎತ್ತಿದ. ಅಕ್ಕ ನಿಂತೇ ಇದ್ದಳು. ನಗುತ್ತಿರಲಿಲ್ಲ. ಸಿಟ್ಟೂ ಇರಲಿಲ್ಲ. ಎರಡು ರಾತ್ರಿ ಮಲಗದ ಒಂದು ಹೆಂಗಸು, ಮಣ್ಣಲ್ಲಿ ಎಳೆದ ಗೀಟುಗಳನ್ನೆಲ್ಲ ಮನಸ್ಸಿನಲ್ಲೇ ಅಳಿಸಿ ಮುಗಿಸಿದ ಮುಖ.

ಇಲ್ಲಿಂದ ಮುಂದೆ ಊದಿ ಹೇಳುವುದಕ್ಕೆ ಏನೂ ಇಲ್ಲ.

‘ಕತ್ತರಿಸಿದ್ದು ನಾನು,’ ಎಂದ ದೊರೆ, ಕೂತಲ್ಲಿಂದಲೇ. ‘ಅಕ್ಕ ಬೇಡ ಅಂದಿದ್ದಳು. ಕಣ್ಣಿಗೆ ಟವಲು ಕಟ್ಟಿಕೊಂಡು ಗುರುತು ಹಾಕಿದೆ. ನನ್ನ ಕಾಲನ್ನ ಕತ್ತರಿಸಿ, ಕತ್ತರಿಸಬೇಕಾದ್ದನ್ನ ಬಿಟ್ಟೆ. ನಿಲ್ಲಿಸಿದಾಗಲೇ ಗೊತ್ತಾಯ್ತು. ಹೇಳಲಿಲ್ಲ. ಮೇಣ ತುರುಕಿದ್ದೂ ನಾನೇ. ಯಾವ ನಿಲ್ದಾಣದಲ್ಲೂ ಕೂತಿಲ್ಲ, ಯಾವ ಪೊಲೀಸೂ ಹಿಡಿದಿಲ್ಲ.’

ಆಮೇಲೆ ಎದ್ದು, ಒಂದೊಂದೇ ಮಾತು ಎಣಿಸಿ ಇಟ್ಟ ಹಾಗೆ ವಿವರಿಸಿದ. ಇದು ಗಾಳಿಕಡ್ಡಿ. ಕಂಚು ತಣ್ಣಗಾಗುವಾಗ ಕುಗ್ಗುತ್ತದೆ. ಮೈಗೆ ಕೊರತೆ ಬಿದ್ದಷ್ಟನ್ನು ಈ ದಪ್ಪ ಕಡ್ಡಿಯಿಂದ ಎಳೆದುಕೊಳ್ಳುತ್ತದೆ. ಹೊಂಡ ಇಲ್ಲಿ ಬಿದ್ದದ್ದರಿಂದಲೇ ಒಳಗೆ ಎಲ್ಲೂ ಬಿದ್ದಿಲ್ಲ. ಹಾಗೆ ಬೀಳಲಿ ಎಂದೇ ಅಕ್ಕ ಇದನ್ನು ಇಲ್ಲಿ ಇಟ್ಟದ್ದು. ನಂಬದಿದ್ದರೆ ನನ್ನ ಕಾಲಿದ್ದ ಜಾಗ ನೋಡಿ ಎಂದು ಭುಜದ ಹತ್ತಿರ ಹೋಗಿ, ತಾನೇ ಜತನದಿಂದ ಏರಿಸಿದ್ದ ಬಣ್ಣವನ್ನು ಬೀಗದ ಕೈಯಿಂದ ಕರಕರ ಕೆರೆದ. ಕೆಳಗೆ ಕಂಚು ಹಳದಿಯಾಗಿ ಹೊಳೆಯಿತು. ಪರೀಕ್ಷಕರು ಭೂತಗನ್ನಡಿ ಹಿಡಿದು ತುಂಬ ಹೊತ್ತು ನೋಡಿದರು. ಸೂಜಿಮೊನೆಯಷ್ಟು ತೂತೂ ಇರಲಿಲ್ಲ. ಸುತ್ತಿಗೆಯನ್ನು ಜೇಬಿಗೆ ಹಾಕಿಕೊಂಡು ಅವರು ಅಕ್ಕನ ಕಡೆ ತಿರುಗಿ, ಉಳಿದ ನಿಲ್ದಾಣಗಳ ಶಿಲ್ಪಗಳು ಎಷ್ಟು ಎತ್ತರ ಬಂದರೆ ನಿಮ್ಮ ಕುಲುಮೆಗೆ ಹಿಡಿಸುತ್ತೆ ಎಂದು ಕೇಳಿದರು. ಅಕ್ಕ ಉತ್ತರ ಹೇಳುವ ಮುಂಚೆ ಸೆರಗಿನಿಂದ ಒಮ್ಮೆ ಮುಖ ಒರೆಸಿಕೊಂಡಳು.

ಎಂಜಿನಿಯರಮ್ಮನಿಗೆ ಮಾತ್ರ ಇದು ಇನ್ನೂ ಅರಗಿರಲಿಲ್ಲ. ಹಾಗಾದರೆ ದಿನಾ ಬೆಳಗ್ಗೆ ನಾನು ನೋಡಿಕೊಂಡು ನಿಲ್ಲುತ್ತಿದ್ದದ್ದು ಏನು ಎಂದಳು.

‘ಕತ್ತರಿಸಿ ಎಸೆಯೋ ಕಡ್ಡಿ,’ ಎಂದ ದೊರೆ. ‘ನಮ್ಮಕ್ಕ ಮಾಡಿದ್ದು.’

ಅಕ್ಕ ಅವನ ರಕ್ತ ಬರುತ್ತಿದ್ದ ಬೆರಳಿಗೆ ಸೆರಗಿನ ತುದಿ ಸುತ್ತಿದಳು. ಆಗಿದ್ದು ಆಯಿತು, ಹೋಗಿ ಹೊಸ ಕಾಲೊಂದನ್ನು ಮೇಣದಲ್ಲಿ ಮಾಡಿಕೊಡು, ಹೊಯ್ದು ಬೆಸೆದು ಕೊಡುತ್ತೇನೆ, ಇದನ್ನು ಕತ್ತರಿಸಿಹಾಕೋಣ ಎಂದಳು. ದೊರೆ ಅವಳ ಕಡ್ಡಿಯನ್ನು, ಅದು ಹೊಟ್ಟೆಯನ್ನು ಬಳಸಿ ಇಳಿದು ನೆಲ ಮುಟ್ಟದೆ ನಿಂತದ್ದನ್ನು, ಅವತ್ತು ಮೊದಲ ಸಲ ಕಣ್ಣು ಬಿಟ್ಟು ನೋಡಿದ.

‘ಬೇಡಕ್ಕ, ಅದು ಹಾಗೇ ಇರಲಿ,’ ಎಂದ. ‘ಕಣ್ಣು ಕಟ್ಟಿಕೊಂಡಾಗ ಎರಡನ್ನೂ ಸವರಿ ನೋಡಿದ್ದೆ. ಚೆನ್ನಾಗಿರೋದು ನಂದೇ ಇರಬೇಕು ಅಂದುಕೊಂಡೆ.’